ಕೃತಕ ಕಾಲು ಬಂದ ಮೇಲೆ: ಮೊದಲ ವರ್ಷದ ಪಾಠಗಳು

ಅಳತೆ ಕೊಟ್ಟಾಯಿತು, ಪ್ಲಾಸ್ಟರ್ ಅಚ್ಚು ತೆಗೆದಾಯಿತು, ಕಾಲು ಕೈಗೆ ಬಂತು. ಕೇಂದ್ರದಲ್ಲಿ ಕಂಬಿ ಹಿಡಿದು ನಾಲ್ಕು ಹೆಜ್ಜೆ ಹಾಕಿ ತೋರಿಸಿ ಮನೆಗೂ ಬಂದಿರಿ. ಇನ್ನು ಮುಂದೇನು ಎಂಬ ಪ್ರಶ್ನೆಗೆ ಉತ್ತರ ಕೊಡುವುದು ಈ ಲೇಖನದ ಕೆಲಸ. ಮೊಣಕಾಲಿನ ಕೆಳಗೆ ಕಾಲು ತೆಗೆಸಿಕೊಂಡು ಮೊದಲ ಬಾರಿಗೆ ಕೃತಕ ಕಾಲು ಪಡೆದವರನ್ನು ಮುಖ್ಯವಾಗಿ ಮನಸ್ಸಿನಲ್ಲಿಟ್ಟುಕೊಂಡು ಬರೆದಿದ್ದೇನೆ. ಮೊಣಕಾಲಿನ ಮೇಲೆ ತೆಗೆಸಿಕೊಂಡವರಿಗೆ ಬೇರೆ ಆಗುವ ಕೆಲವು ಸಂಗತಿಗಳನ್ನು ಅಲ್ಲಲ್ಲಿ ಹೇಳುತ್ತೇನೆ. ಮನೆಯವರೂ ಜೊತೆಗೆ ಕೂತು ಓದಿದರೆ ಒಳ್ಳೆಯದು.

ಮೊದಲು ಒಂದು ಮಾತು ಗಟ್ಟಿ ಮಾಡಿಕೊಳ್ಳೋಣ. ನಿಮಗೆ ಸಿಕ್ಕಿರುವ ಕಾಲು ಅಚ್ಚು ತೆಗೆದ ದಿನ ನಿಮ್ಮ ಸ್ಟಂಪ್ ಹೇಗಿತ್ತೋ ಅದಕ್ಕೆ ತಕ್ಕಂತೆ ಮಾಡಿದ್ದು. ಸ್ಟಂಪ್ ಎಂದರೆ ಶಸ್ತ್ರಚಿಕಿತ್ಸೆಯ ನಂತರ ಉಳಿದಿರುವ ಕಾಲಿನ ಭಾಗ. ಕೇಂದ್ರಗಳಲ್ಲಿ ಎಲ್ಲರೂ ಹಾಗೇ ಕರೆಯುತ್ತಾರೆ. ಆ ಸ್ಟಂಪ್ ಮುಂದಿನ ಒಂದು ವರ್ಷ, ಕೆಲವರಿಗೆ ಒಂದೂವರೆ ವರ್ಷ, ಬದಲಾಗುತ್ತಲೇ ಇರುತ್ತದೆ. ಊತ ಇಳಿಯುತ್ತದೆ, ಕೆಲಸವಿಲ್ಲದ ಸ್ನಾಯು ಕರಗುತ್ತದೆ, ಆಕಾರ ಸಣ್ಣದಾಗುತ್ತದೆ. ಕಾಲು ಮಾತ್ರ ಇದ್ದ ಹಾಗೇ ಇರುತ್ತದೆ. ಇವೆರಡರ ನಡುವಿನ ಅಂತರವನ್ನು ದಿನದಿನವೂ ಗಮನಿಸಿ ಸರಿಪಡಿಸಿಕೊಳ್ಳುವುದೇ ಮೊದಲ ವರ್ಷದ ಆರೈಕೆ.

ಸ್ಟಂಪ್ ಕೂರುವ ಬಟ್ಟಲಿನಂಥ ಭಾಗಕ್ಕೆ ಸಾಕೆಟ್ ಎನ್ನುತ್ತಾರೆ. ಸಾಕೆಟ್ ನೋಯಿಸಿದಾಗ ಹೊಸಬರು ‘ಹೊಸ ಚಪ್ಪಲಿ ಕಚ್ಚಿದ ಹಾಗೆ, ನಾಲ್ಕು ದಿನಕ್ಕೆ ಹೊಂದಿಕೊಳ್ಳುತ್ತದೆ’ ಎಂದು ಸುಮ್ಮನಾಗುತ್ತಾರೆ. ಚಪ್ಪಲಿಯ ಚರ್ಮ ಸಡಿಲವಾಗಿ ಪಾದಕ್ಕೆ ಹೊಂದಿಕೊಳ್ಳುತ್ತದೆ, ನಿಜ. ಆದರೆ ಸಾಕೆಟ್ಟಿನ ಪ್ಲಾಸ್ಟಿಕ್ ಸಡಿಲವಾಗುವುದಿಲ್ಲ. ಸೋಲುವುದು ನಿಮ್ಮ ಚರ್ಮ. ಆದ್ದರಿಂದ ನೋವನ್ನು ಹಲ್ಲು ಕಚ್ಚಿ ಸಹಿಸುವುದು ಇಲ್ಲಿ ಗುಣವಲ್ಲ.

ದಿನಕ್ಕೆ ಎಷ್ಟು ಹೊತ್ತು ಹಾಕಬೇಕು?

ಮೊದಲ ದಿನವೇ ಬೆಳಗಿನಿಂದ ಸಂಜೆಯವರೆಗೆ ಹಾಕಿಕೊಂಡು ಓಡಾಡುವ ಉತ್ಸಾಹ ಬೇಡ. ಶುರುವಿನಲ್ಲಿ ಒಟ್ಟು ಒಂದೆರಡು ಗಂಟೆ ಸಾಕು. ಅದರಲ್ಲೂ ಹದಿನೈದು ಇಪ್ಪತ್ತು ನಿಮಿಷ ನಿಂತು ನಡೆದು, ಕಾಲು ತೆಗೆದು, ಚರ್ಮ ನೋಡಿ, ಮತ್ತೆ ಹಾಕಬೇಕು. ಚರ್ಮ ಚೆನ್ನಾಗಿದ್ದರೆ ದಿನಕ್ಕೆ ಅರ್ಧ ಗಂಟೆಯಿಂದ ಒಂದು ಗಂಟೆಯಷ್ಟು ಹೆಚ್ಚಿಸುತ್ತ ಹೋಗಬಹುದು. ಹೀಗೆ ಕೆಲವು ವಾರಗಳಲ್ಲಿ ಇಡೀ ದಿನ ಹಾಕಿಕೊಳ್ಳುವ ಹಂತಕ್ಕೆ ಬರುತ್ತೀರಿ. ಸಕ್ಕರೆ ಕಾಯಿಲೆ ಇದ್ದವರು, ರಕ್ತಸಂಚಾರ ಕಡಿಮೆ ಇರುವವರು ಇನ್ನೂ ನಿಧಾನವಾಗಿ ಹೋಗಬೇಕು. ನಿಮ್ಮ ಕೇಂದ್ರದವರು ಬೇರೆ ಲೆಕ್ಕ ಹೇಳಿದ್ದರೆ ಅದನ್ನೇ ಪಾಲಿಸಿ. ನಿಮ್ಮ ಗಾಯ ಅವರು ನೋಡಿದ್ದಾರೆ, ನಾನು ನೋಡಿಲ್ಲ.

ಚರ್ಮ ನೋಡುವುದು ಹೇಗೆ? ಬೆಳಕಿರುವ ಕಡೆ ಕೂತು, ಸಾಕ್ಸ್ ತೆಗೆದು, ಸ್ಟಂಪನ್ನು ಸುತ್ತ ನೋಡಿ. ಹಿಂಬದಿ ಮತ್ತು ತುದಿ ಕಣ್ಣಿಗೆ ಸಿಗುವುದಿಲ್ಲ, ಅದಕ್ಕೆ ಒಂದು ಕೈಗನ್ನಡಿ ಇಟ್ಟುಕೊಳ್ಳಿ. ಮಂಡಿಚಿಪ್ಪಿನ ಕೆಳಗೆ ಒಂದು ಗಟ್ಟಿ ನಾರಿದೆ. ಮೊಣಕಾಲಿನ ಕೆಳಗಿನ ಸಾಕೆಟ್ ಬಹಳಷ್ಟು ಭಾರವನ್ನು ಅಲ್ಲಿ ಹೊರಿಸುವಂತೆಯೇ ಮಾಡಿರುತ್ತಾರೆ. ಹಾಗಾಗಿ ಅಲ್ಲಿ ಮತ್ತು ಮೀನಖಂಡದ ಬಳಿ ತೆಳು ಕೆಂಪು ಕಂಡರೆ ಗಾಬರಿ ಬೇಡ. ಆ ಕೆಂಪು ಹತ್ತು ಹದಿನೈದು ನಿಮಿಷದಲ್ಲಿ ಮಾಯವಾಗಬೇಕು. ಇಪ್ಪತ್ತು ನಿಮಿಷ ಕಳೆದರೂ ಉಳಿದರೆ ಅದು ಎಚ್ಚರಿಕೆ. ಮುಂಗಾಲಿನ ಮೂಳೆಯ ಏಣು, ಆ ಮೂಳೆಯ ಕತ್ತರಿಸಿದ ತುದಿ, ಮೊಣಕಾಲಿನ ಹೊರಬದಿಯಲ್ಲಿ ಕೈಗೆ ಸಿಗುವ ಗುಂಡಗಿನ ಮೂಳೆ ಈ ಮೂರು ಜಾಗಗಳಿಗೆ ಒತ್ತಡ ತಡೆಯುವ ಶಕ್ತಿ ಇಲ್ಲ. ಅಲ್ಲಿ ಕೆಂಪು, ಬೊಕ್ಕೆ ಅಥವಾ ಸುಲಿದ ಚರ್ಮ ಕಂಡರೆ ಅಂದಿಗೆ ಕಾಲು ಹಾಕುವುದನ್ನು ನಿಲ್ಲಿಸಿ ಕೇಂದ್ರಕ್ಕೆ ಫೋನ್ ಮಾಡಿ. ಬೊಕ್ಕೆಯ ಮೇಲೆ ಹತ್ತಿ ಇಟ್ಟು ಮತ್ತೆ ಕಾಲು ಹಾಕಿದರೆ ಆ ಜಾಗದಲ್ಲಿ ಒತ್ತಡ ಇನ್ನೂ ಹೆಚ್ಚುತ್ತದೆ.

ಸಾಕ್ಸಿನ ಲೆಕ್ಕ

ಕಾಲಿನ ಜೊತೆ ಕೊಟ್ಟ ಹತ್ತಿಯ ಅಥವಾ ಉಣ್ಣೆಯ ಸಾಕ್ಸ್ ಬೆವರು ಹೀರುವುದಕ್ಕೆ ಎಂದು ಬಹಳ ಮಂದಿ ತಿಳಿದಿರುತ್ತಾರೆ. ಅದರ ಇನ್ನೊಂದು ಕೆಲಸ, ಸಾಕೆಟ್ ಮತ್ತು ಸ್ಟಂಪ್ ನಡುವೆ ಉಂಟಾಗುವ ಖಾಲಿ ಜಾಗ ತುಂಬುವುದು. ಸಾಕ್ಸ್ ಬೇರೆ ಬೇರೆ ದಪ್ಪದಲ್ಲಿ ಸಿಗುತ್ತವೆ. ಒಂದು ಪ್ಲೈ, ಮೂರು ಪ್ಲೈ, ಐದು ಪ್ಲೈ ಎಂದು ಅಳೆಯುತ್ತಾರೆ.

ಬೆಳಿಗ್ಗೆ ಬಿಗಿಯಾಗಿ ಕೂತಿದ್ದ ಕಾಲು ಮಧ್ಯಾಹ್ನದ ಹೊತ್ತಿಗೆ ಸಡಿಲವಾಗುವುದು ಸಾಮಾನ್ಯ. ನಡೆದಂತೆಲ್ಲ ಸ್ಟಂಪಿನ ನೀರು ಮೇಲಕ್ಕೆ ಸರಿದು ಅದು ಸಣ್ಣದಾಗುತ್ತದೆ. ಆಗ ಸ್ಟಂಪ್ ಸಾಕೆಟ್ಟಿನೊಳಗೆ ಆಳಕ್ಕೆ ಇಳಿಯುತ್ತದೆ. ಇದರ ಗುರುತುಗಳು ಇವು: ಕೃತಕ ಕಾಲು ಗಿಡ್ಡವಾದಂತೆ ಅನ್ನಿಸುತ್ತದೆ, ಮಂಡಿಚಿಪ್ಪಿನ ಕೆಳ ಅಂಚಿಗೆ ಸಾಕೆಟ್ಟಿನ ಅಂಚು ತಗಲುತ್ತದೆ, ಸ್ಟಂಪಿನ ತುದಿ ತಳಕ್ಕೆ ಬಡಿದು ನೋಯುತ್ತದೆ, ಹೆಜ್ಜೆ ಇಟ್ಟಾಗ ಒಳಗೆ ಮೇಲೆ ಕೆಳಗೆ ಆಡಿದಂತಾಗುತ್ತದೆ. ಹೀಗಾದರೆ ಕೂತು, ಕಾಲು ತೆಗೆದು, ಒಂದು ಪ್ಲೈ ಸಾಕ್ಸ್ ಸೇರಿಸಿ. ಸಾಕ್ಸ್ ಜಾಸ್ತಿಯಾದರೆ ಇದಕ್ಕೆ ಉಲ್ಟಾ. ಸ್ಟಂಪ್ ಪೂರ್ತಿ ಒಳಗೆ ಹೋಗುವುದಿಲ್ಲ, ಕಾಲು ಉದ್ದವಾದಂತೆ ಅನ್ನಿಸುತ್ತದೆ, ತುದಿ ಏನನ್ನೂ ಮುಟ್ಟದೆ ತೂಗುತ್ತದೆ. ತುದಿ ಹೀಗೆ ಬಹಳ ದಿನ ತೂಗುತ್ತಿದ್ದರೆ ಅಲ್ಲಿ ರಕ್ತ, ನೀರು ಸೇರಿ ಚರ್ಮ ಕಪ್ಪಾಗಿ ದಪ್ಪಗಾಗುತ್ತದೆ.

ಸಾಕ್ಸ್ ಹಾಕುವಾಗ ಒಂದೂ ಮಡಿಕೆ ಇರಬಾರದು. ಹೊಲಿಗೆ ಗಾಯದ ಗುರುತಿನ ಮೇಲೆ ಬರಬಾರದು. ತೂತು ಬಿದ್ದ ಸಾಕ್ಸ್ ಹೊಲಿದು ಹಾಕಬೇಡಿ, ಹೊಲಿಗೆಯ ಗಂಟೇ ಹುಣ್ಣು ಮಾಡುತ್ತದೆ. ಹೊರಗೆ ಹೋಗುವಾಗ ಚೀಲದಲ್ಲಿ ಎರಡು ಒಣ ಸಾಕ್ಸ್ ಇರಲಿ. ಒಟ್ಟು ಸಾಕ್ಸ್ ಹತ್ತು ಪ್ಲೈ ದಾಟುತ್ತಿದೆ ಎಂದರೆ ಸಾಕೆಟ್ ನಿಮಗೆ ದೊಡ್ಡದಾಗಿದೆ ಎಂದರ್ಥ. ಇನ್ನಷ್ಟು ಸಾಕ್ಸ್ ತುರುಕುವುದರ ಬದಲು ಕೇಂದ್ರಕ್ಕೆ ಹೋಗಿ ಸಾಕೆಟ್ ಸರಿಮಾಡಿಸಿ, ಇಲ್ಲವೇ ಹೊಸ ಅಚ್ಚು ತೆಗೆಸಿ.

ದೇಹದ ತೂಕ ನಾಲ್ಕಾರು ಕಿಲೊ ಹೆಚ್ಚುಕಡಿಮೆಯಾದರೂ ಹೊಂದಿಕೆ ಕೆಡುತ್ತದೆ. ಡಯಾಲಿಸಿಸ್ ಮಾಡಿಸಿಕೊಳ್ಳುವವರಿಗೆ ಒಂದೇ ದಿನದಲ್ಲಿ ಈ ಬದಲಾವಣೆ ಕಾಣುತ್ತದೆ. ಅವರು ಸಾಕ್ಸಿನ ಲೆಕ್ಕವನ್ನು ಆ ದಿನಗಳಿಗೆ ಬೇರೆಯಾಗಿಯೇ ಇಟ್ಟುಕೊಳ್ಳಬೇಕಾಗುತ್ತದೆ.

ಸ್ನಾನ, ಎಣ್ಣೆ, ರಾತ್ರಿಯ ಬ್ಯಾಂಡೇಜು

ನಮ್ಮಲ್ಲಿ ಬೆಳಿಗ್ಗೆ ಎದ್ದು ಸ್ನಾನ ಮಾಡುವುದು ರೂಢಿ. ಆದರೆ ಬಿಸಿನೀರಿನಲ್ಲಿ ನೆಂದ ಚರ್ಮ ಮೆತ್ತಗಾಗಿ ಸ್ವಲ್ಪ ಉಬ್ಬಿರುತ್ತದೆ, ಕೂಡಲೇ ಸಾಕೆಟ್ಟಿಗೆ ಹಾಕಿದರೆ ಉಜ್ಜಿ ಸುಲಿಯುತ್ತದೆ. ಆದ್ದರಿಂದ ಸ್ಟಂಪನ್ನು ಸೋಪು ಹಚ್ಚಿ ತೊಳೆಯುವುದು ರಾತ್ರಿಗಿರಲಿ. ಬೆಳಿಗ್ಗೆ ಸ್ನಾನ ಬಿಡಲಾಗದು ಎನ್ನುವವರು ಮೆತ್ತನೆ ಬಟ್ಟೆಯಿಂದ ಒತ್ತಿ ಒರೆಸಿ, ಪೂರ್ತಿ ಒಣಗುವವರೆಗೆ ಕಾದು, ಆಮೇಲೆ ಕಾಲು ಹಾಕಿ. ಬಚ್ಚಲಿನಲ್ಲಿ ಒಂಟಿ ಕಾಲಿನಲ್ಲಿ ನಿಂತು ಸ್ನಾನ ಮಾಡಬೇಡಿ, ಜಾರದ ಸ್ಟೂಲು ಹಾಕಿಕೊಂಡು ಕೂತು ಮಾಡಿ.

ಚರ್ಮ ಒಡೆದಂತಿದ್ದರೆ ಕೊಬ್ಬರಿ ಎಣ್ಣೆಯನ್ನು ರಾತ್ರಿ ಮಾತ್ರ ತೆಳ್ಳಗೆ ಹಚ್ಚಿ. ಕಾಲು ಹಾಕುವ ಮುಂಚೆ ಎಣ್ಣೆ, ಕ್ರೀಮು ಬೇಡ. ಸ್ಪಿರಿಟ್ ಒರೆಸಿ ಚರ್ಮ ಗಟ್ಟಿ ಮಾಡಿಕೊಳ್ಳುವ ಹಳೆಯ ಅಭ್ಯಾಸವೂ ಬೇಡ, ಚರ್ಮ ಬಿರಿಯುತ್ತದೆ. ಸ್ಟಂಪಿನ ಕೂದಲು ಬೋಳಿಸಬೇಡಿ, ಬೇರಿನಲ್ಲಿ ಕುರು ಏಳುತ್ತದೆ. ಗಾಯ ಪೂರ್ತಿ ಮಾಗಿದ ಮೇಲೆ, ಹೊಲಿಗೆಯ ಗುರುತಿನ ಸುತ್ತ ಬೆರಳಿನಿಂದ ಮೆಲ್ಲಗೆ ವೃತ್ತಾಕಾರವಾಗಿ ತೀಡುವುದು ಒಳ್ಳೆಯದು. ಚರ್ಮ ಮೂಳೆಗೆ ಅಂಟಿಕೊಳ್ಳದಂತೆ ಅದು ತಡೆಯುತ್ತದೆ.

ಕಾಲು ತೆಗೆದಿಟ್ಟ ಮೇಲೆ ಸ್ಟಂಪ್ ಮತ್ತೆ ಊದಿಕೊಳ್ಳುತ್ತದೆ. ಹಾಗಾಗಿ ಮೊದಲ ತಿಂಗಳುಗಳಲ್ಲಿ ರಾತ್ರಿ ಹೊತ್ತು ಕ್ರೇಪ್ ಬ್ಯಾಂಡೇಜನ್ನು ಎಂಟರ ಆಕಾರದಲ್ಲಿ ಓರೆಯಾಗಿ ಸುತ್ತಬೇಕು. ತುದಿಯಲ್ಲಿ ಬಿಗಿ ಹೆಚ್ಚು, ಮೇಲೆ ಹೋದಂತೆ ಕಡಿಮೆ. ಬಳೆಯಂತೆ ನೇರ ಸುತ್ತು ಹಾಕಿದರೆ ರಕ್ತ ಓಡಾಡುವುದು ನಿಂತು ತುದಿ ಇನ್ನೂ ಊದುತ್ತದೆ. ಜುಮುಗುಟ್ಟಿದರೆ, ನೋವು ಹೆಚ್ಚಿದರೆ ಬಿಚ್ಚಿ ಮತ್ತೆ ಸುತ್ತಿ.

ರಾತ್ರಿಯದೇ ಇನ್ನೊಂದು ಅಪಾಯವಿದೆ. ನಿದ್ದೆಗಣ್ಣಿನಲ್ಲಿ ಎದ್ದವರು ಕಾಲು ಇಲ್ಲವೆಂಬುದನ್ನೇ ಮರೆತು ಹೆಜ್ಜೆ ಇಟ್ಟು ಬೀಳುತ್ತಾರೆ, ಅದೂ ಸ್ಟಂಪಿನ ತುದಿಯ ಮೇಲೆ. ಊರುಗೋಲು ಅಥವಾ ವಾಕರ್ ಹಾಸಿಗೆಯಿಂದ ಕೈಗೆಟುಕುವಂತಿರಲಿ, ಸಣ್ಣ ದೀಪ ಉರಿಯುತ್ತಿರಲಿ.

ಇಲ್ಲದ ಪಾದ ನೋಯುವುದು

ಹೋದ ಕಾಲಿನ ಹೆಬ್ಬೆರಳು ತುರಿಸುತ್ತದೆ, ಅಂಗಾಲು ಉರಿಯುತ್ತದೆ ಎಂದು ಹೇಳಲು ಸಂಕೋಚಪಡುವವರಿದ್ದಾರೆ. ಹುಚ್ಚು ಎಂದಾರು ಎಂಬ ಭಯ. ಇದು ಹುಚ್ಚಲ್ಲ, ಕಾಲು ತೆಗೆಸಿಕೊಂಡ ಬಹುಪಾಲು ಜನರಿಗೆ ಒಂದಲ್ಲ ಒಂದು ರೀತಿಯಲ್ಲಿ ಆಗುವಂಥದ್ದು. ಅಮೆರಿಕದ ಅಂತರ್ಯುದ್ಧದಲ್ಲಿ ಗಾಯಗೊಂಡ ಸೈನಿಕರನ್ನು ನೋಡಿದ್ದ ವೈದ್ಯ ಸೈಲಸ್ ವಿಯರ್ ಮಿಚೆಲ್ 1871ರಲ್ಲಿ ಇದಕ್ಕೆ ‘ಫ್ಯಾಂಟಮ್ ಲಿಂಬ್’ ಎಂಬ ಹೆಸರು ಬಳಸಿದರು. ಪಾದ ಹೋದರೂ ಮಿದುಳಿನಲ್ಲಿ ಆ ಪಾದಕ್ಕೆಂದು ಇರುವ ಜಾಗ ಹಾಗೇ ಉಳಿದಿರುತ್ತದೆ. 1990ರ ದಶಕದಲ್ಲಿ ತಮಿಳುನಾಡು ಮೂಲದ ನರವಿಜ್ಞಾನಿ ವಿ. ಎಸ್. ರಾಮಚಂದ್ರನ್ ಇದಕ್ಕೆ ಕನ್ನಡಿಯ ಚಿಕಿತ್ಸೆ ಪರಿಚಯಿಸಿದರು. ಎರಡೂ ಕಾಲುಗಳ ನಡುವೆ ಕನ್ನಡಿ ನಿಲ್ಲಿಸಿ, ಒಳ್ಳೆಯ ಕಾಲನ್ನು ಆಡಿಸುತ್ತ ಪ್ರತಿಬಿಂಬ ನೋಡಿದರೆ ಇನ್ನೊಂದು ಕಾಲೂ ಆಡಿದಂತೆ ಕಾಣುತ್ತದೆ. ಕೆಲವರಿಗೆ ಇದರಿಂದ ನೋವು ಇಳಿಯುತ್ತದೆ. ಬ್ಯಾಂಡೇಜಿನ ಹದವಾದ ಒತ್ತಡ, ಸ್ಟಂಪನ್ನು ಮೆಲ್ಲಗೆ ತಟ್ಟುವುದು, ಕಾಲು ಹಾಕಿ ನಡೆಯುವುದು ಕೂಡ ಸಹಾಯ ಮಾಡುತ್ತವೆ. ನಿದ್ದೆ ಕೆಡುವಷ್ಟು ನೋವಿದ್ದರೆ ಅದಕ್ಕೆ ಔಷಧವಿದೆ, ವೈದ್ಯರಿಗೆ ಹೇಳಿ. ಸ್ಟಂಪಿನ ಒಂದೇ ಬಿಂದುವನ್ನು ಮುಟ್ಟಿದಾಗ ಕರೆಂಟು ಹೊಡೆದಂತಾದರೆ ಅದು ಬೇರೆ. ಕತ್ತರಿಸಿದ ನರದ ತುದಿ ಅಲ್ಲಿ ಗಂಟಾಗಿರಬಹುದು. ಅದನ್ನೂ ತೋರಿಸಬೇಕು.

ನಡಿಗೆಯನ್ನು ಹೊಸದಾಗಿ ಕಲಿಯುವುದು

ನಡೆಯುವ ಮೊದಲು ಮೊಣಕಾಲು ನೇರವಾಗಿ ಚಾಚಬೇಕು. ಹಿತವಾಗಿರುತ್ತದೆಂದು ಸ್ಟಂಪಿನ ಕೆಳಗೆ ದಿಂಬಿಟ್ಟು ಮಲಗುವವರ ಮೊಣಕಾಲು ಕೆಲವೇ ವಾರಗಳಲ್ಲಿ ಮಡಿಚಿದಂತೆಯೇ ಗಟ್ಟಿಯಾಗುತ್ತದೆ. ಆಮೇಲೆ ಎಂಥ ಒಳ್ಳೆಯ ಕಾಲು ಕೊಟ್ಟರೂ ಕುಂಟು ಹೋಗುವುದಿಲ್ಲ. ದಿಂಬು ತೆಗೆಯಿರಿ. ದಿನಕ್ಕೆ ಎರಡು ಮೂರು ಬಾರಿ ಇಪ್ಪತ್ತು ನಿಮಿಷ ಬೋರಲು ಮಲಗಿ, ಸೊಂಟದ ಸಂದೂ ನೇರವಾಗುತ್ತದೆ. ಮೊಣಕಾಲಿನ ಮೇಲೆ ಕತ್ತರಿಸಿದವರಿಗಂತೂ ಇದು ತಪ್ಪಿಸಲೇಬಾರದ ಅಭ್ಯಾಸ. ಮೊಣಕಾಲು ಬಿಗಿಹಿಡಿದು ಕಾಲನ್ನು ನೇರವಾಗಿ ಎತ್ತುವುದು, ಮಗ್ಗುಲಾಗಿ ಮಲಗಿ ಪಕ್ಕಕ್ಕೆ ಎತ್ತುವುದು, ಬೋರಲು ಮಲಗಿ ಹಿಂದಕ್ಕೆ ಎತ್ತುವುದು ಎಂಬ ಈ ಮೂರು ವ್ಯಾಯಾಮಗಳಿಗೆ ಖರ್ಚಿಲ್ಲ, ಒಂದು ಚಾಪೆ ಸಾಕು.

ನಿಂತ ಮೇಲೆ ಕಲಿಯಬೇಕಾದ ಮೊದಲ ವಿದ್ಯೆ ಕೃತಕ ಕಾಲಿನ ಮೇಲೆ ಭಾರ ಬಿಡುವುದು. ಇದಕ್ಕೆ ಫಿಸಿಯೊಥೆರಪಿಯಲ್ಲಿ ತೂಕದ ಯಂತ್ರ ಎರಡನ್ನು ಅಕ್ಕಪಕ್ಕ ಇಟ್ಟು ಒಂದೊಂದು ಕಾಲನ್ನು ಒಂದೊಂದರ ಮೇಲೆ ಇಡಿಸುತ್ತಾರೆ. ಅರವತ್ತು ಕಿಲೊ ತೂಗುವವರು ತಾವು ಸಮನಾಗಿ ನಿಂತಿದ್ದೇವೆ ಎಂದೇ ತಿಳಿದಿರುತ್ತಾರೆ. ಕೆಳಗೆ ನೋಡಿದರೆ ಕೃತಕ ಕಾಲಿನ ಕಡೆ ಮುಳ್ಳು ಹದಿನೈದರಲ್ಲೇ ನಿಂತಿರಬಹುದು. ಕಂಬಿ ಹಿಡಿದು ಸೊಂಟವನ್ನು ಮೆಲ್ಲಗೆ ಆ ಕಡೆ ಸರಿಸುತ್ತ ಮೂವತ್ತಕ್ಕೆ ತರುವುದು ಅಭ್ಯಾಸ. ಭಾರ ಬಿಡಲು ಹೆದರುವವರು ಕೃತಕ ಕಾಲನ್ನು ಉದ್ದ ಚಾಚಿ, ಒಳ್ಳೆಯ ಕಾಲನ್ನು ಗಡಿಬಿಡಿಯಲ್ಲಿ ಹತ್ತಿರವೇ ಇಟ್ಟುಬಿಡುತ್ತಾರೆ. ಹೆಜ್ಜೆಗಳು ಒಂದೇ ಅಳತೆಯಲ್ಲಿರಬೇಕು, ಕಣ್ಣು ನೆಲದ ಮೇಲಲ್ಲ, ಎದುರಿಗೆ.

ಕಂಬಿಯಿಂದ ವಾಕರ್‌ಗೆ, ಅಲ್ಲಿಂದ ಕೋಲಿಗೆ ಬರುತ್ತೀರಿ. ಕೋಲು ಒಳ್ಳೆಯ ಕಾಲಿನ ಕಡೆಯ ಕೈಯಲ್ಲಿರಬೇಕು. ಮೆಟ್ಟಿಲು ಹತ್ತುವಾಗ ಒಳ್ಳೆಯ ಕಾಲು ಮೊದಲು, ಇಳಿಯುವಾಗ ಕೃತಕ ಕಾಲು ಮೊದಲು. ಬಸ್ಸಿನ ಎತ್ತರದ ಮೆಟ್ಟಿಲಿಗೂ ಇದೇ ನಿಯಮ. ಇಳಿಯುವಾಗ ಕಂಬಿ ಹಿಡಿದು, ಕೃತಕ ಕಾಲನ್ನು ನೆಲಕ್ಕಿಟ್ಟು, ಅದು ಊರಿದೆ ಎಂದು ಖಾತ್ರಿಯಾದ ಮೇಲೆ ಇನ್ನೊಂದನ್ನು ತೆಗೆಯಿರಿ. ಬಿದ್ದರೆ ಏಳುವುದನ್ನೂ ಕಲಿಸಿಕೊಡಿ ಎಂದು ಫಿಸಿಯೊಥೆರಪಿಸ್ಟರನ್ನು ಕೇಳಿ. ಕೈ ಮತ್ತು ಮಂಡಿ ಊರಿ, ಒಳ್ಳೆಯ ಪಾದವನ್ನು ಮುಂದಿಟ್ಟು, ಗಟ್ಟಿಯಾದ ಏನನ್ನಾದರೂ ಹಿಡಿದು ಏಳುವುದು ರೂಢಿಯಾದರೆ ಬೀಳುವ ಭಯ ಅರ್ಧ ಇಳಿಯುತ್ತದೆ.

ಬೇಗ ಸುಸ್ತಾಗುತ್ತದೆ ಎಂದು ಬೇಸರಪಡಬೇಡಿ. ಮೊಣಕಾಲಿನ ಕೆಳಗೆ ಕತ್ತರಿಸಿದವರಿಗೆ ನಡೆಯಲು ಸಾಮಾನ್ಯವಾಗಿ ಶೇಕಡ 20ರಿಂದ 40ರಷ್ಟು ಹೆಚ್ಚು ಶಕ್ತಿ ಬೇಕು. ಮೊಣಕಾಲಿನ ಮೇಲಾದರೆ ಇನ್ನೂ ಹೆಚ್ಚು. ಹೃದಯದ ತೊಂದರೆ ಇದ್ದವರು ನಡಿಗೆ ಹೆಚ್ಚಿಸುವ ಮುಂಚೆ ವೈದ್ಯರನ್ನು ಕೇಳಬೇಕು.

ನಮ್ಮ ನೆಲಕ್ಕೆ ತಕ್ಕ ಕಾಲು

1968ರಲ್ಲಿ ಜೈಪುರದ ಸವಾಯ್ ಮಾನ್‌ಸಿಂಗ್ ಆಸ್ಪತ್ರೆಯಲ್ಲಿ ಕುಶಲಕರ್ಮಿ ರಾಮಚಂದ್ರ ಶರ್ಮ ಮತ್ತು ಮೂಳೆ ವೈದ್ಯ ಪಿ. ಕೆ. ಸೇಥಿ ರೂಪಿಸಿದ ರಬ್ಬರಿನ ಪಾದವೇ ಜೈಪುರ ಫೂಟ್. ಆಗ ಸಿಗುತ್ತಿದ್ದ ವಿದೇಶಿ ಮಾದರಿಯ ಪಾದಕ್ಕೆ ಬೂಟು ಬೇಕಿತ್ತು. ಕುಕ್ಕರಗಾಲಿನಲ್ಲಿ ಕೂರುವುದು, ಚಕ್ಕಳಮಕ್ಕಳ ಹಾಕುವುದು, ಕೆಸರುಗದ್ದೆಗೆ ಇಳಿಯುವುದು ಅದರಲ್ಲಿ ಆಗುತ್ತಿರಲಿಲ್ಲ. ಎಲ್ಲ ಕಡೆ ಬಾಗುವ, ಬರಿಗಾಲಿನಲ್ಲೇ ನಡೆಯಬಹುದಾದ ಪಾದ ಇಲ್ಲಿಯ ಬದುಕಿಗೆ ಹೊಂದಿತು. 1975ರಲ್ಲಿ ಡಿ. ಆರ್. ಮೆಹ್ತಾ ಸ್ಥಾಪಿಸಿದ ಭಗವಾನ್ ಮಹಾವೀರ ವಿಕಲಾಂಗ ಸಹಾಯತಾ ಸಮಿತಿ ಅದನ್ನು ಉಚಿತವಾಗಿ ಹಂಚುತ್ತ ದೇಶವಿಡೀ ತಲುಪಿಸಿತು.

ನಿಮ್ಮದು ಯಾವ ಪಾದ ಎಂದು ಕೇಳಿ ತಿಳಿದುಕೊಳ್ಳಿ. ಚಪ್ಪಲಿ ಅಥವಾ ಬೂಟಿನ ಹಿಮ್ಮಡಿ ಎತ್ತರಕ್ಕೆ ಹೊಂದಿಸಿದ ಪಾದವಾಗಿದ್ದರೆ, ದೇವಸ್ಥಾನದ ಬಾಗಿಲಲ್ಲಿ ಅದನ್ನು ಕಳಚಿದ ಕೂಡಲೇ ದೇಹ ಹಿಂದಕ್ಕೆ ವಾಲಿದಂತಾಗುತ್ತದೆ. ಎತ್ತರದ ಹಿಮ್ಮಡಿ ಹಾಕಿದರೆ ಮೊಣಕಾಲು ಮುಂದಕ್ಕೆ ಮಡಿಚಿಕೊಳ್ಳುತ್ತದೆ. ಪಾದರಕ್ಷೆ ಬದಲಿಸಿದರೂ ಹಿಮ್ಮಡಿಯ ಎತ್ತರ ಅದೇ ಇರಲಿ. ನೆಲದ ಮೇಲೆ ಕೂತು ಉಣ್ಣುವುದು, ಭಾರತೀಯ ಶೈಲಿಯ ಶೌಚಾಲಯ ಬಳಸುವುದು ಮೊಣಕಾಲಿನ ಕೆಳಗಿನ ಜೈಪುರ ಕಾಲಿನಲ್ಲಿ ಸಾಧ್ಯ. ಆದರೂ ಸಾಕೆಟ್ಟಿನ ಹಿಂದಿನ ಅಂಚು ಮೊಣಕಾಲಿನ ಹಿಂಭಾಗವನ್ನು ಒತ್ತುತ್ತದೆ, ಬಹಳ ಹೊತ್ತು ಕೂರಬೇಡಿ. ಶೌಚಾಲಯದ ಗೋಡೆಗೆ ಒಂದು ಹಿಡಿ ಹಾಕಿಸಿ.

ಜೈಪುರ ಮಾದರಿಯ ಕಾಲಿನ ಕೊಳವೆಯನ್ನು ಎಚ್‌ಡಿಪಿಇ ಪ್ಲಾಸ್ಟಿಕ್ ಪೈಪನ್ನು ಬಿಸಿ ಮಾಡಿ ಅಚ್ಚಿನ ಮೇಲೆ ಇಳಿಸಿ ಮಾಡುತ್ತಾರೆ. ಶಾಖದಿಂದ ರೂಪ ಪಡೆದದ್ದು ಶಾಖದಿಂದಲೇ ರೂಪ ಕೆಡಿಸಿಕೊಳ್ಳುತ್ತದೆ. ಒಲೆಯ ಪಕ್ಕ, ಬಿಸಿಲಿನಲ್ಲಿ ನಿಲ್ಲಿಸಿದ ಕಾರಿನೊಳಗೆ ಕಾಲು ಇಡಬೇಡಿ. ರಾತ್ರಿ ಸಾಕೆಟ್ಟಿನ ಒಳಗನ್ನು ಸೋಪುನೀರಿನ ಒದ್ದೆ ಬಟ್ಟೆಯಿಂದ ಒರೆಸಿ ನೆರಳಲ್ಲಿ ಒಣಗಿಸಿ. ಪಟ್ಟಿ, ಸ್ಕ್ರೂ, ರಬ್ಬರಿನ ಬಿರುಕು ವಾರಕ್ಕೊಮ್ಮೆ ನೋಡಿ. ಹೊಸ ಸದ್ದು ಬಂದರೆ ತೋರಿಸಿ. ಮನೆಯಲ್ಲೇ ಅರ ಹಾಕಿ ಉಜ್ಜುವುದು, ಮೊಳೆ ಹೊಡೆಯುವುದು ಬೇಡ.

ಉಳಿದಿರುವ ಕಾಲು

ಸಕ್ಕರೆ ಕಾಯಿಲೆಯಿಂದ ಒಂದು ಕಾಲು ಹೋಗಿದ್ದರೆ ಇನ್ನೊಂದಕ್ಕೂ ಅದೇ ಅಪಾಯವಿದೆ. ಈಗ ಅದರ ಮೇಲೆ ಭಾರವೂ ಹೆಚ್ಚು. ರಾತ್ರಿ ಸ್ಟಂಪ್ ನೋಡಿದ ಅದೇ ಕನ್ನಡಿಯಲ್ಲಿ ಈ ಅಂಗಾಲನ್ನೂ, ಬೆರಳ ಸಂದುಗಳನ್ನೂ ನೋಡಿ. ಮನೆಯೊಳಗೂ ಎಂಸಿಆರ್ ಎಂಬ ಮೆತ್ತನೆ ರಬ್ಬರಿನ ಚಪ್ಪಲಿ ಹಾಕಿ. ಬೀಡಿ, ಸಿಗರೇಟಿನಿಂದ ರಕ್ತನಾಳ ಕಟ್ಟಿ ಕಾಲು ಕಳೆದುಕೊಂಡವರು ಅದನ್ನು ಬಿಡದಿದ್ದರೆ ಇನ್ನೊಂದು ಕಾಲನ್ನು ಉಳಿಸಿಕೊಡಲು ಯಾವ ವೈದ್ಯರಿಗೂ ಆಗದು.

ಮನಸ್ಸು, ಮನೆ, ಸರ್ಕಾರ

ನರ್ತಕಿ ಸುಧಾ ಚಂದ್ರನ್ 1981ರಲ್ಲಿ ಅಪಘಾತದಲ್ಲಿ ಕಾಲು ಕಳೆದುಕೊಂಡು, ಜೈಪುರ ಕಾಲು ಹಾಕಿಕೊಂಡು ಮತ್ತೆ ವೇದಿಕೆಗೆ ಬಂದದ್ದು 1984ರಲ್ಲಿ. ಜನ ನೆನಪಿಡುವುದು ವೇದಿಕೆಯನ್ನು. ನೀವು ನೆನಪಿಡಬೇಕಾದದ್ದು ನಡುವಿನ ವರ್ಷಗಳನ್ನು. ಒಂದು ದಿನ ಚೆನ್ನಾಗಿ ನಡೆದು ಮರುದಿನ ಕಾಲು ಹಾಕಲೂ ಆಗದಿರುವುದು ಎಲ್ಲರಿಗೂ ಇದ್ದದ್ದೇ. ತಿಂಗಳುಗಟ್ಟಲೆ ಮಂಕು ಕವಿದು, ಊಟ ನಿದ್ದೆ ಸೇರದಿದ್ದರೆ ಅದಕ್ಕೂ ಚಿಕಿತ್ಸೆ ಪಡೆಯಿರಿ. ಮನೆಯವರು ನೀರಿನ ಲೋಟವನ್ನೂ ಕೈಗೆ ತಂದುಕೊಡುವುದನ್ನು ಬಿಡಬೇಕು; ನೀವೇ ಎದ್ದು ಹೋಗಿ ತನ್ನಿ, ಅವರು ಪಕ್ಕದಲ್ಲಿರಲಿ.

ಅಂಗವಿಕಲರ ಯುಡಿಐಡಿ ಕಾರ್ಡು ಮಾಡಿಸಿಕೊಳ್ಳಿ. ಬಸ್ ಪಾಸಿನ ರಿಯಾಯಿತಿಗೆ, 1981ರಿಂದ ಇರುವ ಕೇಂದ್ರ ಸರ್ಕಾರದ ಎಡಿಐಪಿ ಯೋಜನೆಯಲ್ಲಿ ಸಾಧನ ಪಡೆಯುವುದಕ್ಕೆ ಅದು ನೆರವಾಗುತ್ತದೆ. ಕರ್ನಾಟಕದ ಗ್ರಾಮ ಪಂಚಾಯಿತಿಗಳಲ್ಲಿ ಗ್ರಾಮೀಣ ಪುನರ್ವಸತಿ ಕಾರ್ಯಕರ್ತರಿದ್ದಾರೆ. ಅರ್ಜಿಯ ಕೆಲಸ ಅವರಿಗೆ ಗೊತ್ತು. ಶಿಬಿರದಲ್ಲಿ ಕಾಲು ಪಡೆದು ನಂತರ ಯಾರನ್ನು ಕೇಳುವುದೆಂದು ತಿಳಿಯದವರು ಜಿಲ್ಲಾ ಅಂಗವಿಕಲರ ಪುನರ್ವಸತಿ ಕೇಂದ್ರವನ್ನು ವಿಚಾರಿಸಬಹುದು. ಬೆಂಗಳೂರಿನಲ್ಲಿ 1994ರಿಂದ ಕೆಲಸ ಮಾಡುತ್ತಿರುವ ಮೊಬಿಲಿಟಿ ಇಂಡಿಯಾದಂಥ ಸಂಸ್ಥೆಗಳಲ್ಲಿ ಕಾಲಿನ ಕೆಲಸ ಮತ್ತು ಫಿಸಿಯೊಥೆರಪಿ ಎರಡೂ ಸಿಗುತ್ತವೆ.

ಮರುಭೇಟಿ

ಕಾಲು ಪಡೆದ ಎರಡು ವಾರಕ್ಕೆ, ಒಂದೂವರೆ ತಿಂಗಳಿಗೆ, ಮೂರು ಮತ್ತು ಆರು ತಿಂಗಳಿಗೆ, ಆಮೇಲೆ ವರ್ಷಕ್ಕೊಮ್ಮೆ ಹೋಗುವುದು ಒಳ್ಳೆಯ ರೂಢಿ. ಬೆಳೆಯುವ ಮಕ್ಕಳಿಗೆ ಸುಮಾರು ವರ್ಷಕ್ಕೊಂದು ಹೊಸ ಕಾಲು ಬೇಕಾಗಬಹುದು, ಅವರನ್ನು ಇನ್ನೂ ಬೇಗ ಬೇಗ ಕರೆದೊಯ್ಯಿರಿ. ಹೋಗುವಾಗ ಈಗ ಬಳಸುತ್ತಿರುವ ಸಾಕ್ಸುಗಳನ್ನೂ, ದಿನವೂ ಹಾಕುವ ಚಪ್ಪಲಿಯನ್ನೂ ಒಯ್ಯಬೇಕು. ಎಲ್ಲಿ, ಎಷ್ಟು ಹೊತ್ತಿಗೆ ನೋಯುತ್ತದೆ ಎಂದು ಬರೆದಿಟ್ಟುಕೊಂಡರೆ ಅವರ ಕೆಲಸ ಸುಲಭ. ಹುಣ್ಣು, ಕೀವು, ಜ್ವರ, ಬಣ್ಣ ಕಪ್ಪಾಗುವುದು ಕಂಡರೆ ಮರುಭೇಟಿಯ ದಿನಕ್ಕೆ ಕಾಯದೆ ಅಂದೇ ಆಸ್ಪತ್ರೆಗೆ ಹೋಗಿ.

ನೋಯುವ ಕಾಲನ್ನು ಅಟ್ಟಕ್ಕೆ ಹಾಕಿ ಊರುಗೋಲಿಗೆ ಮರಳಿದವರು ಬಹಳ ಮಂದಿ ಇದ್ದಾರೆ. ಅವರಲ್ಲಿ ಎಷ್ಟೋ ಜನರಿಗೆ ಬೇಕಾಗಿದ್ದದ್ದು ಸಾಕೆಟ್ಟಿನ ಒಂದು ಸಣ್ಣ ತಿದ್ದುಪಡಿ ಅಥವಾ ಇನ್ನೊಂದು ಪ್ಲೈ ಸಾಕ್ಸ್. ನಿಮ್ಮ ಕಾಲು ನೋಯಿಸಿದರೆ ಅದನ್ನು ತೆಗೆದುಕೊಂಡು ಕೇಂದ್ರಕ್ಕೆ ಹೋಗಿ. ಸರಿ ಮಾಡಿಕೊಡಿ ಎಂದು ಕೇಳುವುದು ನಿಮ್ಮ ಹಕ್ಕು.